ಶಕುಂತಲಕ್ಕನಿಗೆ, ಭಾಗ್ಯಾ ಕಂಬ ಹತ್ತುವ ಮೊದಲು

ಗದಗ-ಬೆಟಗೇರಿ
ಮೇ ನಲವತ್ತಾರು, ೨೧೪೮

ಶಕುಂತಲಕ್ಕಾ,

ಮಧ್ಯಾಹ್ನ ಎರಡೂವರೆಗೆ ಎಚ್ಚರವಾಯಿತು. ಓಣಿಯ ಮೇಲಿನ ನೆರಳುಬಟ್ಟೆಯ ಒಂದು ಮೂಲೆ ಬಿಚ್ಚಿಕೊಂಡು ನಮ್ಮ ಗೋಡೆಗೆ ಪಟಪಟ ಬಡಿಯುತ್ತಿತ್ತು. ಆಮೇಲೆ ನಿದ್ದೆ ಬರಲಿಲ್ಲ. ಬರುವುದೂ ಬೇಡ, ಈ ಕಾಗದ ಮುಗಿಯಬೇಕು.

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಮೇ ತಿಂಗಳು ಮೂವತ್ತೊಂದಕ್ಕೆ ಮುಗಿಯುತ್ತಿತ್ತಂತೆ. ನಮ್ಮದು ಮೊದಲ ಮಳೆ ಬೀಳುವವರೆಗೆ ಮುಗಿಯುವುದಿಲ್ಲ, ಎಣಿಸುತ್ತಲೇ ಹೋಗುತ್ತೇವೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಾನು ನೀಲವೇಣಿ. ನನ್ನ ಮುತ್ತಜ್ಜಿಯ ತಾಯಿ ಭಾಗ್ಯಶ್ರೀ. ಅಂದರೆ ಈಗ ನಿಮ್ಮ ಒಳಕೋಣೆಯಲ್ಲಿ ಮಲಗಿರುವ ನಿಮ್ಮ ಮಗಳು ಭಾಗ್ಯಾ. ಲೆಕ್ಕದ ಪ್ರಕಾರ ನಿಮ್ಮನ್ನು ಅಜ್ಜಿ ಎನ್ನಬೇಕು. ಆದರೆ ಈ ಕಾಗದ ನಿಮ್ಮ ಕೈಸೇರುವ ಈ ರಾತ್ರಿ ನೀವು ನನಗಿಂತ ನಾಲ್ಕೇ ವರ್ಷ ದೊಡ್ಡವರು. ಅದಕ್ಕೇ ಅಕ್ಕಾ ಎಂದೆ.

ಹೀಗೆ ಹಿಂದಿನ ಕಾಲಕ್ಕೆ ಹೋಗುವ ಕಾಗದಕ್ಕೆ ನಾವು ಹಿಂದೋಲೆ ಎನ್ನುತ್ತೇವೆ. ಒಂದು ತಲೆಮಾರಿಗೆ ಮನೆಗೊಂದೇ. ಪಕ್ಕದ ಮನೆಯವರು ತಮ್ಮದನ್ನು, ಬಾವಿ ಮುಚ್ಚಿದ ಮುತ್ತಾತನನ್ನು ಬೈಯಲಿಕ್ಕೆ ಖರ್ಚು ಮಾಡಿದರು. ನಮ್ಮ ಯಜಮಾನರು ಮಾತ್ರ, “ಇಟ್ಕೊಂಡಿರು, ಕೂಸಿನ ಲಗ್ನದ ಹೊತ್ತಿಗೆ ಬೇಕಾಗಬಹುದು” ಎನ್ನುತ್ತಲೇ ಬಂದಿದ್ದಾರೆ. ಕೂಸಿಗೆ ಇನ್ನೂ ಹಲ್ಲೇ ಬಂದಿಲ್ಲ. ನಾನು ಇವತ್ತೇ ಕಳಿಸುತ್ತಿದ್ದೇನೆ.

ನಮ್ಮ ಬೇಸಿಗೆಯಲ್ಲಿ ಹಗಲು ಮಲಗುವುದಕ್ಕೆ. ಶಾಲೆ, ಸಂತೆ, ಕೋರ್ಟು ಎಲ್ಲವೂ ಹೊತ್ತು ಮುಳುಗಿದ ಮೇಲೆಯೇ ತೆರೆಯುತ್ತವೆ. ಮಲಗುವ ಹೊತ್ತಿಗೆ ಬಿಸಿಲಿರುಳು ಎಂದು ಹೆಸರು. ಬಿಸಿಲಿರುಳಿನಲ್ಲಿ ಸಾವಿನ ಸುದ್ದಿಗಲ್ಲದೆ ಇನ್ನಾವುದಕ್ಕೂ ಯಾರೂ ಯಾರಿಗೂ ಫೋನ್ ಮಾಡುವುದಿಲ್ಲ. ಅದು ಊರಿನ ರೂಢಿ. ಓಣಿಗಳ ಮೇಲೆಲ್ಲ ಬೆಟಗೇರಿಯ ಮಗ್ಗಗಳಲ್ಲಿ ನೇಯ್ದ ದಪ್ಪ ಬಟ್ಟೆ ಕಟ್ಟಿರುತ್ತದೆ. ಏಣಿ ಹತ್ತಿ ಅದನ್ನು ಕಟ್ಟುವುದು, ಗಾಳಿ ಎದ್ದರೆ ಇಳಿಸುವುದು, ಹರಿದರೆ ಹೊಲಿಯುವುದು ಹದಿನೈದಕ್ಕೆ ಬಂದ ಮಕ್ಕಳ ಬೇಸಿಗೆ ದುಡಿಮೆ. ಅವರಿಗೆ ನೆರಳಾಳು ಎನ್ನುತ್ತೇವೆ. ಸಂಬಳ ಸಣ್ಣದು, ಮರ್ಯಾದೆ ದೊಡ್ಡದು. ಯಾವ ಮನೆ ಮುಂದೆ ಏಣಿ ನಿಲ್ಲಿಸಿದರೂ ಮಜ್ಜಿಗೆ ಬರುತ್ತದೆ. ಯಾರ ಗಂಟು ಯಾವುದೆಂದು ಗೊತ್ತಾಗಲಿ ಎಂದು ಒಬ್ಬೊಬ್ಬರೂ ಒಂದೊಂದು ಬಣ್ಣದ ದಾರ ಸುತ್ತುತ್ತಾರೆ. ನನ್ನ ಹಿರಿಮಗಳು ಮುಗಿಲಾಳದು ಕೇಸರಿ.

ಅದೇ ಬೇಸಿಗೆಯಲ್ಲೇ ಶಾಲೆಯ ಮಲ್ಲಕಂಬದ ತಾಲೀಮೂ ಇರುತ್ತದೆ, ಏಕೆಂದರೆ ಮೊದಲ ಮಳೆಯ ದಿನ ಊರ ಮುಂದೆ ಪ್ರದರ್ಶನ. ಕಂಬದ ಹುಚ್ಚು ನಮ್ಮ ಮನೆಗೆ ಬಂದದ್ದು ನಿಮ್ಮ ಭಾಗ್ಯಾಳಿಂದ. ಮುಗಿಲಾ ಎರಡೂ ಕಡೆ ಓಡುತ್ತಾಳೆ. ಊಟ ನಿಂತುಕೊಂಡೇ, ನಿದ್ದೆ ಕುಳಿತುಕೊಂಡೇ. ಒಂದನ್ನು ಬಿಡು ಎಂದು ಹೋದವಾರ ಹೇಳಿ ನೋಡಿದೆ. “ಯಾವುದು ಬಿಡಂತೀಬೇ? ಕಂಬ ಬಿಟ್ಟರ ನಾ ಸಾಯ್ತೀನಿ, ನೆರಳು ಬಿಟ್ಟರ ಓಣಿ ಮಂದಿ ಸಾಯ್ತಾರ” ಎಂದಳು. ನಗು ಬಂತು.

ಇವತ್ತು ಆ ಪಟಪಟ ಸದ್ದಿಗೆ ಎದ್ದು, ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಹೊರಗೆ ಹೋದೆ. ಬಿಚ್ಚಿದ ಹಗ್ಗಕ್ಕೆ ಕೇಸರಿ ದಾರವೇ ಇತ್ತು. ಹಿಡಿದರೆ ಜಾರಿತು. ಮೂಸಿದೆ, ಹರಳೆಣ್ಣೆ. ಮಲ್ಲಕಂಬಕ್ಕೆ ಸವರುವ ಎಣ್ಣೆ ಅದು. ತಾಲೀಮು ಮುಗಿದ ಮೇಲೆ ಕಡಲೆಹಿಟ್ಟು ಹಾಕಿ ಕೈ ತಿಕ್ಕಿ ತೊಳೆಯಬೇಕು; ಹುಡುಗಿಗೆ ಅಷ್ಟು ಪುರಸೊತ್ತಿಲ್ಲ. ಆ ಎಣ್ಣೆಗೈಯಲ್ಲೇ ಏಣಿಯ ತುದಿಗೆ ನಿಂತಿದ್ದಾಳೆ. ಇವತ್ತು ಬಿಚ್ಚಿದ್ದು ಗಂಟು, ನಾಳೆ ಜಾರುವುದು ಅವಳ ಹಿಡಿತ. ಒಳಗೆ ಬಂದರೆ ಒಂದು ಕಾಲಿನ ಚಪ್ಪಲಿ ಬಿಚ್ಚದೆಯೇ ಮಲಗಿದ್ದಳು.

ಆಗ ನಾನು ರೂಢಿ ಮುರಿದೆ. ನೆರಳಾಳುಗಳ ಮೇಸ್ತ್ರಿ ದ್ಯಾಮಕ್ಕನಿಗೂ ಮಲ್ಲಕಂಬದ ಬಸಲಿಂಗ ಮಾಸ್ತರಿಗೂ ಒಟ್ಟಿಗೇ ಫೋನ್ ಹಚ್ಚಿದೆ. ದ್ಯಾಮಕ್ಕ ಎತ್ತಿದವಳೇ, “ಯಾರ್ ಸತ್ರವ್ವಾ?” ಎಂದಳು. “ಇನ್ನೂ ಯಾರೂ ಸತ್ತಿಲ್ರೀ, ಅದಕ್ಕಽ ಮಾಡೀನಿ” ಎಂದೆ. ಆಮೇಲೆ ನಡೆದದ್ದು ಜಗಳ. ಎಣ್ಣೆ ಹಚ್ಚಿ ಹುಡುಗೀನ ಏಣಿಗೆ ಕಳಸ್ತೀರೇನ್ರೀ ಮಾಸ್ತರ ಎಂದು ಅವಳು. ಏಣಿ ಹತ್ತತಾಳ ಅಂತ ನನಗ್ಯಾರು ಹೇಳ್ಯಾರ, ಕೈಯಾಗ ಹಗ್ಗದ ಗೀರು ಯಾಕ ಅಂತ ನಾನಽ ತಲಿ ಕೆಡಿಸ್ಕೊಂಡೀನಿ ಎಂದು ಅವರು. ಇಬ್ಬರಿಗೂ ಇನ್ನೊಬ್ಬರ ಸುದ್ದಿಯೇ ಗೊತ್ತಿರಲಿಲ್ಲ, ಅಕ್ಕಾ. ಮುಗಿಲಾ ಇಬ್ಬರಿಗೂ ‘ಹೂನ್ರಿ’ ಎಂದಷ್ಟೇ ಹೇಳಿದ್ದಳು. ಒಂದನ್ನೂ ಬಿಡಿಸುವುದಿಲ್ಲ, ಹೊಂದಿಸಿ ಕೊಡಿ ಎಂದು ನಾನು ಹಟ ಹಿಡಿದೆ. ಬೈದಾಡುತ್ತಲೇ ಇಬ್ಬರೂ ದಾರಿಗೆ ಬಂದರು. ತಾಲೀಮಿನ ದಿನ ಅವಳಿಗೆ ಏಣಿ ಇಲ್ಲ, ಕೆಳಗೆ ಕುಳಿತು ಹೊಲಿಗೆ. ಏಣಿಯ ದಿನ ತಾಲೀಮಿಲ್ಲ.

ಫೋನ್ ಇಟ್ಟಾಗ ನೆನಪಾದವರು ನೀವು.

ನಿಮ್ಮ ಈ ರಾತ್ರಿಯ ಕಥೆಯನ್ನು ಭಾಗ್ಯಾಳ ಮಗಳಾದ ನನ್ನ ಮುತ್ತಜ್ಜಿ ಎಷ್ಟೋ ಸಲ ಹೇಳಿದ್ದಳು. ಭಾಗ್ಯಾ ಯಮನೂರಪ್ಪನ ಗುಂಪಿನ ಜೊತೆ ಮದುವೆ ಊಟ ಬಡಿಸಲು ಹೋಗಿ ಈಗಷ್ಟೇ ಬಂದಿದ್ದಾಳೆ. ಸಾರು ಸಿಡಿದ ಅಂಗಿಯಲ್ಲೇ ಮಲಗಿದ್ದಾಳೆ. ನಸುಕಿಗೆ ಶಾಲೆಯ ಮೈದಾನದಲ್ಲಿ ಕಳಕಪ್ಪ ಸರ್ ಎಲ್ಲರನ್ನೂ ಕಂಬ ಹತ್ತಿಸುತ್ತಾರೆ. ಮದುವೆ ಕೆಲಸದ ವಿಷಯ ಸರ್‌ಗೆ ಗೊತ್ತಿಲ್ಲ, ಕಂಬದ ವಿಷಯ ಯಮನೂರಪ್ಪನಿಗೆ ಗೊತ್ತಿಲ್ಲ. ನೀವು ಫೋನ್ ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದೀರಿ. ಇಷ್ಟೊತ್ತಿನಲ್ಲಿ ಮಾಡಿದರೆ ಏನಂದುಕೊಳ್ಳುತ್ತಾರೋ, ಮುಂಜಾನೆ ಮಾಡಿದರಾಯಿತು ಎನ್ನುತ್ತಿದ್ದೀರಿ.

ಮುಂಜಾನೆ ನೀವು ಏಳುವುದರೊಳಗೆ ಅವಳು ಸೈಕಲ್ ಹತ್ತಿ ಹೋಗಿರುತ್ತಾಳೆ. ಕಂಬದ ತುದಿಯಲ್ಲಿ ನಿದ್ದೆಗೆ ಕಣ್ಣು ಮುಚ್ಚುತ್ತದೆ, ಕೆಳಗೆ ಬೀಳುತ್ತಾಳೆ. ಜೀವಕ್ಕೇನೂ ಆಗುವುದಿಲ್ಲ. ಎಡಗೈ ಮಣಿಕಟ್ಟು ಮಾತ್ರ ಮುರಿದು ಸೊಟ್ಟಗೆ ಕೂಡಿಕೊಳ್ಳುತ್ತದೆ. ಮತ್ತೆಂದೂ ಅವಳು ಕಂಬ ಹತ್ತುವುದಿಲ್ಲ. ಊರ ಮಕ್ಕಳಿಗೆಲ್ಲ ಕಂಬ ಕಲಿಸಿದಳು, ಚೆನ್ನಾಗಿಯೇ ಬಾಳಿದಳು. “ನಮ್ಮವ್ವ ಕೆಳಗ ನಿಂತು ಕಲಸ್ತಿದ್ಲು, ಕಣ್ಣು ಮಾತ್ರ ತುದಿಮ್ಯಾಲ” ಎನ್ನುತ್ತಿದ್ದಳು ಮುತ್ತಜ್ಜಿ.

ಹಿಂದೋಲೆ ತಲುಪಿದ ಕಾಲ ಬೇರೆ ದಾರಿ ಹಿಡಿಯುತ್ತದೆ, ನಮ್ಮದು ಇದ್ದ ಹಾಗೇ ಇರುತ್ತದೆ ಎಂದು ತಿಳಿದವರು ಹೇಳುತ್ತಾರೆ. ನೀವು ಫೋನ್ ಮಾಡಿದಿರೋ ಇಲ್ಲವೋ ನನಗೆ ಎಂದಿಗೂ ಗೊತ್ತಾಗುವುದಿಲ್ಲ. ನಮ್ಮ ಭಾಗ್ಯಾಳ ಕೈ ಸೊಟ್ಟಾಗಿಯೇ ಉಳಿಯುತ್ತದೆ. ನಿಮ್ಮ ಭಾಗ್ಯಾಳದು ಇನ್ನೂ ನೆಟ್ಟಗಿದೆ.

ನಂಬಿಕೆ ಬಾರದಿದ್ದರೆ ಒಳಗೆ ಹೋಗಿ ಅವಳ ಅಂಗೈ ಮೂಸಿ ನೋಡಿ. ಹೋಳಿಗೆ ತುಪ್ಪದ ವಾಸನೆಯ ಅಡಿಯಲ್ಲಿ ಹರಳೆಣ್ಣೆ ಇರುತ್ತದೆ. ಅವಳನ್ನು ಎಬ್ಬಿಸಬೇಡಿ, ಯಾವುದನ್ನೂ ಬಿಡಿಸಬೇಡಿ. ಅವಳು ದುಡಿಯಲಿ, ಕಂಬವನ್ನೂ ಹತ್ತಲಿ, ನಡುವೆ ಮಲಗಲಿಕ್ಕೂ ಸಿಗಲಿ. ಅದನ್ನು ಹೊಂದಿಸುವುದು ಹದಿನಾರರ ಹುಡುಗಿಯ ಕೆಲಸವಲ್ಲ, ದೊಡ್ಡವರದು. ಕಳಕಪ್ಪ ಸರ್ ಸಿಟ್ಟಾಗುತ್ತಾರೆ, ಆಗಲಿ. ಯಮನೂರಪ್ಪ ನಿದ್ದೆಗಣ್ಣಿನಲ್ಲಿ ಬೈಯುತ್ತಾನೆ, ಬೈಯಲಿ. ಇಬ್ಬರೂ ಒಬ್ಬರಿಗೊಬ್ಬರು ಮಾತಾಡುವವರೆಗೆ ಫೋನ್ ಇಡಬೇಡಿ.

ಕೂಸು ಅಳುತ್ತಿದೆ, ಏಳಬೇಕು. ಮುಂಜಾನೆಗೆ ಬಿಡಬೇಡಿ ಅಕ್ಕಾ, ನಿಮ್ಮ ಕಾಲಿಗೆ ಬೀಳುತ್ತೇನೆ. ಫೋನ್ ನಿಮ್ಮ ಕೈಯಲ್ಲೇ ಇದೆ. ಬೆಳಕು ಹರಿಯುವುದರೊಳಗೆ ಮಾಡಿ. ಈಗಲೇ ಮಾಡಿ.

ನಿಮ್ಮ
ನೀಲವೇಣಿ