ಫ್ಲೀಸಿನ ಕುಂಚಿಗೆ

8 ನವೆಂಬರ್ 2003, ಶನಿವಾರ. ಬೆಳಿಗ್ಗೆ 10

ಬಟ್ಟೆ ಕತ್ತರಿಸಿ ಮುಗಿಯಿತು. ಊಟದ ಟೇಬಲ್ ತುಂಬ ಹಳದಿ ತುಪ್ಪಳ. ಇವರ ಚಹಾದಲ್ಲೂ ತೇಲುತ್ತಿತ್ತು.

"ಬೆಕ್ಕು ಬಿದ್ದಿತ್ತೇನ ಇದರಾಗ?" ಅಂದರು.

"ಫ್ಲೀಸ್ ರೀ. ಕುಡೀರಿ, ಹೊಟ್ಟಿ ಬೆಚ್ಚಗಿರತೈತಿ."

ಕುಡಿದರು. ಇಪ್ಪತ್ತೆರಡು ವರ್ಷದಿಂದ ಕುಡಿಯುತ್ತಲೇ ಇದ್ದಾರೆ, ಪಾಪ.

ಸೌತ್‌ಹಾಲಿನಿಂದ ತಂದ, ಉಣ್ಣೆಯ ಹಾಗೆ ಮೆತ್ತಗಿನ ಬಟ್ಟೆ. ಮೇಲೆ ಹಳದಿ, ಒಳಗೆ ಬಿಳಿ. ಮೂವತ್ತು ಇಂಚಿನ ಚೌಕ, ಒಂದು ಮೂಲೆಗೆ ಮುಕ್ಕೋನದ ಟೋಪಿ. ಉಳಿದ ಮೂಲೆಗಳನ್ನು ಊಟದ ತಾಟು ಇಟ್ಟು ದುಂಡಗೆ ಕತ್ತರಿಸಿದೆ. ಗಾರ್ಗಿ ನೋಡಿ, "ಮಮ್, ಇಟ್ಸ್ ಜಸ್ಟ್ ಎ ಹುಡೆಡ್ ಬ್ಲ್ಯಾಂಕೆಟ್" ಅಂದಳು. ಜಸ್ಟ್ ಅಂತೆ. ಇದು ಕುಂಚಿಗಿ ಐತವ್ವಾ! ನಮ್ಮ ಸಿಂದಗಿ ಕಡೆ ಖಣದ ಬಟ್ಟೆಯಲ್ಲಿ ಹೊಲಿಯುತ್ತಾರೆ. ಈ ಊರಿನ ಚಳಿಗೆ ಖಣ ಯಾವ ಮೂಲೆಗೂ ಸಾಲದು.

ತಮ್ಮ ಉದಯಶಂಕರನಿಗೆ ಗಂಡು ಕೂಸು. ನಲವತ್ತು ತುಂಬಿದ ಮೇಲೆ! ಹುಟ್ಟಿ ಹತ್ತು ದಿನ. ನಾನು ಸೋದರತ್ತೆ. ತೊಟ್ಟಿಲಿಗೆ ಹಾಕುವ ದಿನ ಕುಂಚಿಗೆ ತರುವವಳು ನಾನು. ಕಿವಿಯಲ್ಲಿ ಹೆಸರು ಊದಿ, ಹೆಂಗಸರಿಂದ ಬೆನ್ನಿಗೆ ಗುದ್ದು ತಿನ್ನುವವಳೂ ನಾನು. ಗುದ್ದಿಗೆ ಬೆನ್ನು ತಯಾರಿದೆ, ಅಗಲ ಸಾಕಷ್ಟಿದೆ.

ಕರೆ ಮಾತ್ರ ಬಂದಿಲ್ಲ. ಹುಟ್ಟಿದ ದಿನ ಫೋನಿನಲ್ಲಿ ಎರಡು ನಿಮಿಷ — "ಇಬ್ಬರೂ ಆರಾಮ ಅದಾರ, ಅಕ್ಕಾ" — ಇಟ್ಟ. ನಮ್ಮ ಕ್ವೀನ್ಸ್‌ಬರಿಯಿಂದ ಅವನ ಪಿನ್ನರ್ ಎಷ್ಟು ದೂರ? ನೋಡಲು ಬಾ ಅನ್ನಲಿಲ್ಲ.

ಅವಳ ಕೆಲಸ ಇರಬೇಕು. ನೀರಜಾ, ಅವನ ಹೆಂಡತಿ. ಮೈಸೂರಿನವಳು, ಜಿಪಿ. ಎರಡು ವರ್ಷದ ಮೇಲಾಯಿತು ನಮ್ಮ ಮನೆಗೆ ಬಂದು. ಡಾಕ್ಟರಮ್ಮನಿಗೆ ಸ್ಕೂಲಿನ ಅಡುಗೆಯವಳಾದ ನನ್ನ ಚಹಾ ಸೇರದು ಅಂತ ಕಾಣುತ್ತದೆ.

ಕರೆಯದಿದ್ದರೆ? ಕರೆಯುತ್ತಾರೆ. ಒಬ್ಬಳೇ ಅತ್ತೆ, ಎರಡನೆಯವಳನ್ನು ಎಲ್ಲಿಂದ ತರುತ್ತಾರೆ?

13 ನವೆಂಬರ್, ಗುರುವಾರ. ಸಂಜೆ 5

ಮಶೀನು ಹೊಲಿಗೆ ಹಾರಿಸುತ್ತಿದೆ. ಎರಡು ಹಾಕಿ ಮೂರನೆಯದಕ್ಕೆ ರಜೆ. ಅಂಗಡಿಯವನು ಹೇಳಿದ, ಇದಕ್ಕೆ ಮೊಂಡು ಮೂತಿಯ ಸೂಜಿ ಬೇಕು, ಚೂಪಿನದಲ್ಲ. ಸೂಜಿಗೂ ಮೊಂಡುತನ ಬೇಕಂತೆ! ನಮ್ಮ ಮನೆಯಲ್ಲಿ ಬೇಕಾದಷ್ಟಿದೆ, ಇದೊಂದು ಹೆಚ್ಚಾಗದು ಅಂತ ತಂದೆ.

ಅಂಚು ಮಡಿಸಿ ಇಸ್ತ್ರಿ ಹಾಕಿದೆ. ಬುದ್ಧಿಗೇಡಿ. ಚರ್ ಅಂದಿತು. ಬಟ್ಟೆ ಕರಗಿ ಇಸ್ತ್ರಿಗೆ ಮೆತ್ತಿಕೊಂಡಿತು, ಸುಟ್ಟ ಪ್ಲಾಸ್ಟಿಕ್ ವಾಸನೆ. ಒಂದು ಮೂಲೆ ತಗಡಿನ ಹಾಗೆ ಮಿಂಚುತ್ತಿದೆ. ಅಷ್ಟು ಕತ್ತರಿಸಿ ತೆಗೆದೆ. ಈಗ ಇಪ್ಪತ್ತೆಂಟು ಇಂಚು. ಕೂಸಿಗೇನು ಗೊತ್ತಾಗುತ್ತದೆ.

ಟೋಪಿಗೆ ಕರಡಿ ಕಿವಿ ಇಡು ಅಂದಳು ಗಾರ್ಗಿ. ಎರಡು ದುಂಡು ಕಿವಿ, ಒಳಗೆ ಬಿಳಿ. ತಲೆಗೆ ಹಾಕಿಕೊಂಡು ಕನ್ನಡಿ ನೋಡಿದೆ. ಹಾಗೇ ಬಾಗಿಲಿಗೆ ಹೋದೆ, ಪೋಸ್ಟ್‌ಮ್ಯಾನ್ ಸಹಿ ಕೇಳಿದ. ಕರಡಿಯೇ ಸಹಿ ಹಾಕಿತು.

ಫೋನ್ ಇಲ್ಲ.

16 ನವೆಂಬರ್, ಭಾನುವಾರ. ಮಧ್ಯಾಹ್ನ 3

ತಮ್ಮ ಬಂದಿದ್ದ. ಒಬ್ಬನೇ. ಈಗ ಹೋದ.

ಬಂದವನೇ ಕೋಟು ಬಿಚ್ಚದೆ ಕೂತ. ಕುಂಚಿಗೆ ತೋರಿಸಿದೆ. ಕಿವಿ ಹಿಡಿದು ನೋಡಿದ. ನಗಲಿಲ್ಲ.

"ಡಿಸೆಂಬರ್ ಇಪ್ಪತ್ತೊಂದಕ್ಕ ಹೆಸರಿಡೋದು ಅಕ್ಕಾ. ಮನಿಮಟ್ಟಿಗೆ. ನೀವು ಮೂವರೂ ಬರ್ರಿ."

"ಬರದ ಎಲ್ಲಿ ಹೋಗಲಿ? ಕುಂಚಿಗಿ ಆತು. ಗುಂಡುಕಲ್ಲೂ ನಾನ ತರತೀನಿ."

"ಕಲ್ಲು ಬ್ಯಾಡ."

ಕೂಸನ್ನು ತೊಟ್ಟಿಲಿಗೆ ಹಾಕುವ ಮೊದಲು ಗುಂಡುಕಲ್ಲಿಗೆ ಬಟ್ಟೆ ತೊಡಿಸಿ ಮಲಗಿಸಬೇಕು. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಅಂತ. ನಮ್ಮವ್ವ ಅವನಿಗೂ ಮಾಡಿದ್ದಳು. ಬೇಡವಂತೆ!

"ಯಾಕೋ? ಮನ್ಯಾಗ ಮೊದಲ ಒಂದು ಕಲ್ಲು ಐತಿ ಅಂತೇನು? ನಿನ್ನ ಹೆಂಡತಿ ಮಾರಿ ನೋಡಿದ್ರ ಹೌದನಸತೈತಿ ಬಿಡು."

ಇವರು ಪೇಪರಿನ ಹಿಂದೆ ನಕ್ಕರು. ತಮ್ಮ ನನ್ನನ್ನೇ ನೋಡಿದ. ಅಂಥ ಮುಖ ಅವನದು ನಾನು ಕಂಡಿರಲಿಲ್ಲ.

"ಅಕ್ಕಾ, ನಾಗವ್ವನ ಮೊಮ್ಮಗನ ತೊಟ್ಲದಾಗ ನೀ ಏನ ಮಾಡಿದ್ದಿ, ನೆನಪೈತಿ?"

ನೆನಪಿಲ್ಲದೆ ಏನು. ನಾಗವ್ವ ನಮ್ಮ ಊರ ಕಡೆಯವಳು. ಎರಡು ವರ್ಷದ ಹಿಂದೆ, ಜೂನ್, ಸೌತ್‌ಹಾಲಿನ ಹಾಲ್. ಗುಂಡುಕಲ್ಲು ಈ ಊರಲ್ಲಿ ಎಲ್ಲಿ ಸಿಗಬೇಕು, ಮಸಾಲೆ ಕುಟ್ಟುವ ಕಲ್ಲಿನ ಗುಂಡಿಗೆ ಫ್ರಾಕು ತೊಡಿಸಿದ್ದೆವು. ಎಲ್ಲ ಮುಗಿದ ಮೇಲೆ ಆ ಕಲ್ಲನ್ನು ಎತ್ತಿ ತಂದು ನೀರಜಾಳ ಮಡಿಲಲ್ಲಿ ಇಟ್ಟೆ. "ತಗೋ, ಸದ್ಯಕ್ಕ ನಿನಗ ಇದ ಸಾಕು. ಅಳಂಗಿಲ್ಲ, ಉಚ್ಚಿ ಹೊಯ್ಯಂಗಿಲ್ಲ" ಅಂದೆ. ಮದುವೆಯಾಗಿ ಆರು ವರ್ಷ, ಮಕ್ಕಳಿರಲಿಲ್ಲ. ಹಾಗೆ ಮಡಿಲಿಗೆ ಇಟ್ಟರೆ ಒಳ್ಳೆಯದಾಗುತ್ತದೆ ಅಂತ ನಮ್ಮಲ್ಲಿ ಇದೆ. ಹಾರೈಕೆಯೇ. ಸ್ವಲ್ಪ ನಗೆ ಬೆರೆಸಿದೆ, ಅಷ್ಟೇ. ಇಡೀ ಹಾಲ್ ನಕ್ಕಿತ್ತು.

"ಅವತ್ತಿಗೆ ಹನ್ನೊಂದು ದಿನ ಆಗಿತ್ತು ಅಕ್ಕಾ."

"ಏನು ಆಗಿ?"

"ಹೋಗಿ. ಹೊಟ್ಟಿಯಾಗ ಐದೂವರಿ ತಿಂಗಳು. ಹೆಣ್ಣು. ಯಾರಿಗೂ ಹೇಳಿದ್ದಿಲ್ಲ ನಾವು."

ಇವರು ಪೇಪರ್ ಮಡಿಸಿದರು.

"ಅವತ್ತ ಆಕಿ ಬರಂಗಿಲ್ಲ ಅಂದಳು. ನಾನ ಎಳಕೊಂಡು ಬಂದೆ. ನಡಿ, ಅಕ್ಕ ಬಂದಿರತಾಳ, ನಗಸತಾಳ ಅಂತ."

ಚಹಾ ಕುಡಿಯದೆ ಎದ್ದ. ಬಾಗಿಲಲ್ಲಿ ಹೇಳಿದ, ಹೆಸರು ಊದುವುದು ನೀರಜಾಳ ಚಿಕ್ಕಪ್ಪನ ಮಗಳಂತೆ. ಹ್ಯಾರೋದಲ್ಲಿದ್ದಾಳೆ. "ಬ್ಯಾಸರಾಗಬ್ಯಾಡ" ಅಂದ.

ಎರಡನೆಯವಳು ಸಿಕ್ಕಳು ಹಾಗಾದರೆ.

18 ನವೆಂಬರ್

ಹೊಲಿಯಲಿಲ್ಲ.

30 ನವೆಂಬರ್, ಭಾನುವಾರ. ಬೆಳಿಗ್ಗೆ

ಆಲ್ಬಂ ತೆಗೆದೆ. ಆ ದಿನದ ಫೋಟೋ ಒಂದಿದೆ. ಇವರೇ ತೆಗೆದದ್ದು. ನಾನು ನಡುವೆ ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದೇನೆ, ಬಾಯಿ ಇಷ್ಟಗಲ. ಸುತ್ತ ಎಲ್ಲರ ಹಲ್ಲೂ ಕಾಣುತ್ತವೆ. ನೀರಜಾ ಕುರ್ಚಿಯ ಮೇಲೆ. ಆಗ ಅವಳೂ ನಗುತ್ತಿದ್ದಾಳೆ ಅಂದುಕೊಂಡಿದ್ದೆ. ನಗುತ್ತಿಲ್ಲ. ಫ್ರಾಕು ತೊಟ್ಟ ಕಲ್ಲಿನ ಕೆಳಗೆ ಎರಡೂ ಕೈ. ಒಂದು ಕೈ ನಡುವಿಗೆ. ಇನ್ನೊಂದು ತಲೆಗೆ... ಕೂಸಿನ ಕತ್ತು ಬೀಳಬಾರದು ಅಂತ ಹಿಡಿಯುತ್ತೇವಲ್ಲ, ಹಾಗೆ.

ಎರಡು ವರ್ಷ ಈ ಫೋಟೋ ಬಂದವರಿಗೆಲ್ಲ ತೋರಿಸಿದ್ದೇನೆ. ನೋಡ್ರಿ, ಹೆಂಗ ನಗಿಸಿದ್ದೆ ಅಂತ.

ಕುಂಚಿಗೆಯ ಕಿವಿ ಬಿಚ್ಚಿದೆ. ನಗೆ ಬರುವಂಥದ್ದು ಏನೂ ಬೇಡ.

7 ಡಿಸೆಂಬರ್, ಭಾನುವಾರ

ಇಷ್ಟು ದಿನ ಏನೂ ಬರೆಯಲಿಲ್ಲ. ಬರೆಯಲು ಏನಿದೆ. ಫೋನ್ ಮೂರು ಸಲ ತಿರುಗಿಸಿದೆ, ಮೂರು ಸಲವೂ ಇಟ್ಟೆ. ಬಾತ್‌ರೂಮಿನ ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ — ನೀರಜಾ, ನನ್ನಿಂದ ತಪ್ಪಾತು. ಹೇಳುತ್ತಿದ್ದ ಹಾಗೇ ಬಾಯಿಯ ತುದಿಗೆ ಇನ್ನೊಂದು ಮಾತು ಬಂದು ನಿಲ್ಲುತ್ತದೆ. ನಗೆಯದೇ. ಐದನೇ ಕ್ಲಾಸಿಗೆ ಶಾಲೆ ಬಿಡಿಸಿದರು, ಮದುವೆ, ಬೇರೆ ದೇಶ, ಗೊತ್ತಿಲ್ಲದ ಭಾಷೆ. ಇದೊಂದು ಮಾತು ಇಟ್ಟುಕೊಂಡೇ ಬದುಕಿದೆ. ನಾನು ನಗಿಸಿದರೆ ಜನ ನನ್ನನ್ನು ನೋಡಿ ನಗುವುದಿಲ್ಲ. ಅದಕ್ಕೆ ಯಾರ ಮಡಿಲು ಸಿಕ್ಕಿತು ನೋಡು.

ಗಾರ್ಗಿ ಬಂದು ಕಿವಿ ಎಲ್ಲಿ ಅಂದಳು. ಕಸದ ಬುಟ್ಟಿಯಲ್ಲಿ ಅಂದೆ. ಅವಳಿಗೂ ಈಗ ಎಲ್ಲ ಗೊತ್ತು. ಬುಟ್ಟಿಯಿಂದ ತೆಗೆದು ಟೇಬಲ್ ಮೇಲೆ ಇಟ್ಟಳು.

"ದ ಬೇಬಿ ಡಿಡ್‌ನಾಟ್ ಡೂ ಎನಿಥಿಂಗ್, ಮಮ್. ಪುಟ್ ದೆಮ್ ಬ್ಯಾಕ್."

ಹದಿನೇಳು ವರ್ಷ ಈ ಹುಡುಗಿಗೆ.

ಮತ್ತೆ ಹಚ್ಚಿದೆ. ಈ ಸಲ ಕೈಯಲ್ಲೇ. ಒಂದು ಕಿವಿ ಸ್ವಲ್ಪ ಸೊಟ್ಟ.

13 ಡಿಸೆಂಬರ್, ಶನಿವಾರ. ಸಂಜೆ 6

ಪಿನ್ನರಿಗೆ ಹೋಗಿ ಬಂದೆ. ಯಾರಿಗೂ ಹೇಳದೆ ಹೋದೆ. ಹೆಸರಿಡುವ ದಿನ ಜನ ಇರುತ್ತಾರೆ. ಜನ ಇದ್ದರೆ ನನ್ನ ಬಾಯಿ ನನ್ನದಲ್ಲ.

ನೀರಜಾಳೇ ಬಾಗಿಲು ತೆಗೆದಳು. ಹೆಗಲ ಮೇಲೆ ಕೂಸು. ತಮ್ಮ ಶಾಪಿಂಗಿಗೆ ಹೋಗಿದ್ದನಂತೆ.

"ಬನ್ನಿ. ಚಳಿ ಒಳಗೆ ಬರತ್ತೆ."

ಒಳಗೆ ಹೋದೆ. ಶೂ ಬಿಚ್ಚಲೂ ಇಲ್ಲ, ಅಲ್ಲೇ ಹಾಲ್‌ವೇಯಲ್ಲಿ ಅಂದುಬಿಟ್ಟೆ, "ತಪ್ಪಾತು, ನೀರಜಾ."

"ಯಾವುದಕ್ಕೆ?"

ಸುಲಭ ಮಾಡಿಕೊಡಲಿಲ್ಲ. ಯಾಕೆ ಮಾಡಬೇಕು.

"ಕಲ್ಲಿಗೆ. ನಿನ್ನ ಉಡಿಯಾಗ ಕಲ್ಲು ಇಟ್ಟದ್ದಕ್ಕ. ನಕ್ಕದ್ದಕ್ಕ. ಎಲ್ಲಾರನ್ನೂ ನಗಿಸಿದ್ದಕ್ಕ."

"ನಿಮಗೆ ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ."

"ಗೊತ್ತಿರಲಿಲ್ಲ ಅಂತ ನನಗೂ ಗೊತ್ತು ಅಕ್ಕ. ಆದರೂ ನಿಮ್ಮನ್ನ ನೋಡಕ್ಕೆ ಆಗ್ತಿರಲಿಲ್ಲ. ಐ ಜಸ್ಟ್ ಕುಡ್‌ನಾಟ್."

ಕೂತೆವು. ಗ್ಯಾಸ್ ಫೈರ್ ಉರಿಯುತ್ತಿತ್ತು. ಕೂಸು ಅವಳ ಹೆಗಲಿಂದ ನನ್ನನ್ನು ನೋಡಿತು. ನಮ್ಮಪ್ಪನ ಹಣೆ. ಹೇಳಲಿಲ್ಲ. ಸುಮ್ಮನೆ ಕೂರುವುದು ಇಷ್ಟು ಕಷ್ಟ ಅಂತ ನನಗೆ ತಿಳಿದಿರಲಿಲ್ಲ.

ಅವಳೇ ಮಾತಾಡಿದಳು. ಬೆಂಕಿ ನೋಡುತ್ತಾ.

"ಅವತ್ತು ನಾನು ಆ ಕಲ್ಲನ್ನ ಊಟ ಮುಗಿಯೋವರೆಗೂ ಕೆಳಗಿಡಲಿಲ್ಲ. ನೋಡಿದ್ರಾ ನೀವು?"

"ಇಲ್ಲವ್ವಾ."

"ಆಸ್ಪತ್ರೆಯಲ್ಲಿ ಅವಳನ್ನ ನನ್ನ ಕೈಗೆ ಹತ್ತು ನಿಮಿಷ ಕೊಟ್ಟಿದ್ರು. ನೀವು ಕಲ್ಲು ಇಟ್ಟಾಗ ಎಲ್ರೂ ನಗ್ತಾ ಇದ್ರು. ನನಗೆ ಮಾತ್ರ ಅನ್ನಿಸಿದ್ದು... ತೂಕ ಸರಿಯಾಗಿದೆ ಅಂತ. ಅಷ್ಟೇ ತೂಕ ಅಕ್ಕ. ಎಕ್ಸಾಕ್ಟ್ಲಿ."

 ಚೀಲಕ್ಕೆ ಕೈ ಹಾಕಿದೆ.

ಕುಂಚಿಗೆ ಕೊಟ್ಟೆ. ಕವರಿಂದ ತೆಗೆದಳು. ಕಿವಿ ಮುಟ್ಟಿದಳು, ಮೊದಲು ನೆಟ್ಟಗಿನದು, ಆಮೇಲೆ ಸೊಟ್ಟದ್ದು. ಕೂಸನ್ನು ಅದರಲ್ಲಿ ಮಲಗಿಸಿ ಟೋಪಿ ಎಳೆದಳು. ಸರಿಯಾಗಿ ಕೂತಿತು. ಥ್ಯಾಂಕ್ಸ್ ಅಂದಳು. ಪೇಷಂಟಿಗೆ ಹೇಳುವ ಹಾಗೆ.

ಆಗ ಬಂತು ಬಾಯಿಂದ. ಯೋಚಿಸಿ ಆಡಿದ್ದಲ್ಲ.

"ಆಕಿಗೂ ಒಂದು ಹೊಲೀಲೇನು?"

ತಲೆ ಎತ್ತಿದಳು. ಮತ್ತೆ ತಪ್ಪಿದೆ ಅಂದುಕೊಂಡೆ. ಎದ್ದು ಹೋಗಲು ಚೀಲ ಹುಡುಕಿದೆ.

"ಎಷ್ಟುದ್ದ ಇದ್ಲು ಅಂತ ನೀವು ಕೇಳಲಿಲ್ಲ" ಅಂದಳು.

"ಎಷ್ಟುದ್ದ ಇದ್ದಳು, ನೀರಜಾ?"

ಕೂಸನ್ನು ಸೋಫಾ ಮೇಲೆ ಮಲಗಿಸಿದಳು. ಎರಡೂ ಕೈ ಎತ್ತಿ, ನಡುವೆ ಜಾಗ ಬಿಟ್ಟು ತೋರಿಸಿದಳು. ಸೆಂಟಿಮೀಟರ್ ಹೇಳಲಿಲ್ಲ. ಡಾಕ್ಟರ್, ಗೊತ್ತಿರಲೇಬೇಕು. ಆದರೂ ಕೈಯಲ್ಲೇ ತೋರಿಸಿದಳು. ಅವಳ ಕೈಯ ಒಳಗೆ ನನ್ನ ಕೈ ಹಿಡಿದು ಆ ಅಳತೆ ತೆಗೆದುಕೊಂಡೆ.

ಹೆಸರು ಊದುವ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅದು ಹೋಯಿತು. ಹೋಗಬೇಕಾದ್ದೇ.

ಅಳತೆ ತಪ್ಪಿದರೆ ಮತ್ತೊಮ್ಮೆ ಕೇಳುವ ಮುಖ ನನಗಿಲ್ಲ. ಕೈ ಹಾಗೇ ಹಿಡಿದುಕೊಂಡು ಹೊರಟೆ. ಚೀಲ ಮೊಣಕೈಗೆ. ಟಿಕೆಟ್ ಬಾಯಲ್ಲಿ. ಸ್ಟೇಷನ್ನಿನಲ್ಲಿ ಒಬ್ಬ ನನ್ನ ಹಲ್ಲಿನಿಂದ ಟಿಕೆಟ್ ತೆಗೆದು ಮಶೀನಿಗೆ ಹಾಕಿ, ಮತ್ತೆ ಹಲ್ಲಿಗೇ ಕೊಟ್ಟ. ವೆಂಬ್ಲಿ ಪಾರ್ಕಿನಲ್ಲಿ ಟ್ಯೂಬ್ ರೈಲು ಬದಲಿಸಿದೆ, ಕಂಬ ಹಿಡಿಯದೆ. ಜನ ನೋಡಿದರು. ಒಂದು ಹುಡುಗಿ ಎದ್ದು ಸೀಟು ಕೊಟ್ಟಳು. ಬೇರೆ ದಿನವಾಗಿದ್ದರೆ ಇಡೀ ಡಬ್ಬಿಯನ್ನು ನಗಿಸುತ್ತಿದ್ದೆ.

ಬಾಗಿಲನ್ನು ಕಾಲಿನಿಂದ ಬಡಿದೆ. ಇವರು ತೆಗೆದು, "ಏನಿದು, ಅಷ್ಟುದ್ದ ಮೀನು ಹಿಡದೇನು?" ಅಂದರು.

ನನ್ನ ಮುಖ ನೋಡಿ ದಾರಿ ಬಿಟ್ಟರು.

"ಟೇಪ್ ತರ್ರಿ" ಅಂದೆ.

ತಂದು ಅವರೇ ಹಿಡಿದರು. ಹತ್ತೂವರೆ ಇಂಚು. ಕೈ ಇಳಿಸಿದೆ. 

14 ಡಿಸೆಂಬರ್, ಭಾನುವಾರ. ಬೆಳಿಗ್ಗೆ 11

ಬಿಳಿ ಬಟ್ಟೆಯಲ್ಲಿ ಕತ್ತರಿಸಿದೆ. ಇಷ್ಟು ಸಣ್ಣದು ಮಶೀನಿಗೆ ಸಿಗುವುದಿಲ್ಲ, ಬಟ್ಟೆ ಒತ್ತುವ ಪಾದದ ಕೆಳಗೆ ಮುದುಡುತ್ತದೆ. ಕೈಹೊಲಿಗೆಯೇ. ಮೂಲೆ ದುಂಡಗೆ ಮಾಡಲು ತಾಟು ದೊಡ್ಡದಾಯಿತು, ಚಹಾದ ಬಸಿ ದೊಡ್ಡದಾಯಿತು. ಬಾಟಲಿ ಮುಚ್ಚಳ ಇಟ್ಟೆ.

ಟೋಪಿಗೆ ಬಂದಾಗ ಕೈ ನಿಂತಿತು. ಉದ್ದ ಕೇಳಿದೆ, ತಲೆ ಕೇಳಲಿಲ್ಲ. ಅಂದಾಜಿಗೆ ಕತ್ತರಿಸಬಹುದು. ಗಾರ್ಗಿ ಪುಸ್ತಕದಲ್ಲಿ ನೋಡಿ ಹೇಳುತ್ತೇನೆ ಅಂದಳು. ಬೇಡ ಅಂದೆ. ಅಂದಾಜಿನಲ್ಲಿ ನಾನು ಮಾಡಿದ್ದು ಸಾಕು.

ಫೋನ್ ತಿರುಗಿಸಿದೆ. ಈ ಸಲ ಇಡಲಿಲ್ಲ. ನೀರಜಾಳೇ ಎತ್ತಿದಳು. ಹಿಂದೆ ಕೂಸು ಅಳುತ್ತಿತ್ತು.

"ನೀರಜಾ, ನಾನು. ತಲಿ ಎಷ್ಟಿತ್ತವ್ವಾ ಆಕೀದು?"

ಉಸಿರು ಕೇಳಿಸಿತು. ಅವಳು ಕೂಸನ್ನು ಯಾರದೋ ಕೈಗೆ ಕೊಟ್ಟಳು, ಒಂದು ಬಾಗಿಲು ಹಾಕಿದ ಸದ್ದು. ಆಮೇಲೆ ಹೇಳಲು ಶುರು ಮಾಡಿದಳು. ತಲೆಯದಷ್ಟೇ ಅಲ್ಲ. ಕೂದಲು ಇತ್ತಂತೆ, ಕಪ್ಪಗೆ, ಹಿಂದೆ ಮಾತ್ರ. ಕಿವಿ ಇನ್ನೂ ಮಡಿಸಿಕೊಂಡೇ ಇತ್ತಂತೆ. ಕಾಲು ನಮ್ಮ ಉದಯನದೇ ಅಂತೆ, ಎರಡನೇ ಬೆರಳು ಉದ್ದ. ನಾನು ಟೇಪ್ ಕೈಯಲ್ಲಿ ಹಿಡಿದು ಹ್ಞೂಂ ಅನ್ನುತ್ತಾ ಇದ್ದೆ. ಮಧ್ಯೆ ಒಂದು ಸಲ ನಿಲ್ಲಿಸಿ, "ಅಕ್ಕ, ಇದೀರಾ?" ಅಂದಳು. "ಅದೀನಿ, ಹೇಳು" ಅಂದೆ. ಆಗ ಅವಳು ಮತ್ತೆ ಹೇಳತೊಡಗಿದಳು, ನಾನು ತಲೆಯ ಅಳತೆಗೆ ಟೇಪಿನ ಮೇಲೆ ಬೆರಳು ಒತ್ತಿ ಹಿಡಿದೇ ಕೇಳಿದೆ.