ನೀರಿಗಿಳಿದ ದೇವಮಾತೆ

ಸಾಂತಾ ರೀತಾ, ಸರೋವರದ ದಂಡೆ
ನವೆಂಬರ್ 12, 1961

ನನ್ನ ಮುದ್ದಿನ ಒತೀಲಿಯಾಗೆ,

ನಿನ್ನ ತಾಯಿ ಬ್ರಿಹಿದಾಳ ಆಶೀರ್ವಾದಗಳು. ನೀನೂ ಅಳಿಯ ಗೆರಾರ್ದೋನೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಕಾಗದ ಬರೆಯಲು ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಬೆರಳಿನ ನೀಲಿ ಬಣ್ಣ ಹತ್ತಿ ಕಾಗದವೆಲ್ಲ ಹಾಳಾಗುತ್ತಿತ್ತು ಎಂದು ನೆಪ ಹೇಳಬಹುದು. ನಿಜ ಹೇಳಬೇಕೆಂದರೆ, ನಿನ್ನ ಪ್ರಶ್ನೆಗೆ ಏನು ಬರೆಯಬೇಕೆಂದು ತಿಳಿದಿರಲಿಲ್ಲ.

ಈಸ್ಟರ್ ವಾರದಲ್ಲಿ ಬಂದಾಗ ಇಗರ್ಜಿಯ ಗೋಡೆಯ ಮುಂದೆ ನಿಂತು ಕೇಳಿದೆಯಲ್ಲ. ನಿನ್ನ ಅಜ್ಜ ಚಿತ್ರ ಬರೆದ, ನಾನು ಬರೆದ ಹರಕೆ ತಗಡುಗಳೆಲ್ಲ ಅಲ್ಲಿ ತೂಗುತ್ತಿದ್ದವು. ಕುದುರೆಯಿಂದ ಬಿದ್ದು ಬದುಕಿದವನು, ಜ್ವರದಿಂದ ಎದ್ದವಳು, ಗುಂಡು ಟೋಪಿಗೆ ಬಡಿದು ತಲೆ ಉಳಿದವನು. ಪ್ರತಿಯೊಂದರಲ್ಲೂ ಮೇಲೆ ಮೋಡದಲ್ಲಿ ದೇವಮಾತೆ, ಕೆಳಗೆ ಕಾಪಾಡಿದ್ದಕ್ಕೆ ಉಪಕಾರ ಹೇಳುವ ಸಾಲು. ನೀನು ಎಲ್ಲವನ್ನೂ ನೋಡಿ, "ಉಳಿಯದೆ ಹೋದವರ ತಗಡು ಎಲ್ಲಿದೆ ಅಮ್ಮಾ? ಅವಳಿಗೆ ಅಷ್ಟು ಪ್ರೀತಿ ಇದ್ರೆ ಅವರ ಮನೆಗೆ ಯಾಕೆ ಬರಲಿಲ್ಲ?" ಎಂದೆ. ನೀನು ಮರುದಿನದ ಬಸ್ಸಿಗೇ ಹೊರಟೆ. ಆಮೇಲೆ ನಿನ್ನಿಂದ ಒಂದು ಸಾಲೂ ಇಲ್ಲ. ಉತ್ತರ ಸಿಕ್ಕಿತೆಂದು ಇವತ್ತು ಬರೆಯುತ್ತಿಲ್ಲ. ಒಂದು ಸಂಗತಿ ನಡೆಯಿತು, ಅದನ್ನು ನಿನಗೆ ಹೇಳದೆ ಇರಲಾರೆ. ನೀನು ಮತ್ತೆ ನನ್ನೊಡನೆ ಮಾತಾಡಬೇಕು, ನನಗೆ ಬೇಕಾದದ್ದು ಅಷ್ಟೇ.

ಸೆಪ್ಟೆಂಬರಿನಲ್ಲಿ ಸರೋವರದ ಮೇಲೆ ಬಿರುಗಾಳಿ ಎದ್ದು ಕ್ರಿಸ್ಪಿನ್ ಹೋಗಿಬಿಟ್ಟ. ಮೀನುಗಾರ ಕ್ರಿಸ್ಪಿನ್, ನಮ್ಮ ಫಿದೆನ್ಸಿಯಾಳ ಗಂಡ. ನಿನ್ನ ಮದುವೆಯಲ್ಲಿ ಕುಡಿದು, ಜೊತೆಗೆ ಯಾರೂ ಸಿಗದೆ ಚಪ್ಪರದ ಕಂಬದೊಡನೆ ಕುಣಿದನಲ್ಲ, ಅವನೇ. ಅದೇ ದೋಣಿಯಲ್ಲಿದ್ದ ಅವನ ಗೆಳೆಯ ನಾಬೋರ್ ಉಳಿದುಕೊಂಡ. ದೋಣಿ ಮಗುಚಿದಾಗ ಒಂದು ಕೈಯಲ್ಲಿ ಅದರ ಅಂಚು, ಇನ್ನೊಂದು ಕೈಯಲ್ಲಿ ಕ್ರಿಸ್ಪಿನ್‌ನ ಅಂಗಿ ಹಿಡಿದಿದ್ದನಂತೆ. ಬೆರಳು ಮರಗಟ್ಟುವ ತನಕ ಬಿಡಲಿಲ್ಲವಂತೆ.

ಆಮೇಲೊಂದು ದಿನ ನಾಬೋರ್ ನನ್ನ ಅಂಗಳಕ್ಕೆ ಬಂದ. ಬದುಕಿಸಿದ್ದಕ್ಕೆ ಹರಕೆ ತಗಡು ಬೇಕು ಎಂದ, ಆದರೆ ದೋಣಿಯಲ್ಲಿ ತಾನೊಬ್ಬನೇ ಇರಲಿ ಎಂದ. ಯಾಕೆಂದು ಕೇಳಿದೆ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ, "ಅವನನ್ನೂ ಬರೆದ್ರೆ ಉಪಕಾರ ಅನ್ನೋ ಮಾತು ನನ್ನ ಬಾಯಿಂದ ಹೊರಡಲ್ಲ, ದೋನ್ಯಾ ಬ್ರಿಹಿದಾ" ಎಂದ. ಅವನು ಹೇಳಿದ ಹಾಗೇ ಬರೆದೆ.

ಒಣಗಲೆಂದು ಗೋಡೆಗೆ ಒರಗಿಸಿದ್ದೆ. ಅವತ್ತೇ ಫಿದೆನ್ಸಿಯಾ ಒಣಮೀನು ಕೊಡಲು ಬರಬೇಕೆ? ಬಚ್ಚಿಡಲು ಹೊತ್ತು ಸಿಗಲಿಲ್ಲ. ಅವಳು ಬುಟ್ಟಿ ಕೆಳಗಿಟ್ಟು ಬಗ್ಗಿ ನೋಡಿದಳು. ನಾನು ಬೈಗುಳಕ್ಕೆ ಕಾದು ನಿಂತೆ. ಅವಳ ಹಿರಿಯ ಮಗನನ್ನು ಜ್ಞಾನಸ್ನಾನದಲ್ಲಿ ಎತ್ತಿಕೊಂಡವಳು ನಾನು, ಅದಕ್ಕೇ ಅವಳು ನನ್ನನ್ನು ಕೊಮಾದ್ರೆ ಎಂದೇ ಕರೆಯುವುದು.

"ಕೊಮಾದ್ರೆ, ಒಬ್ಬನೇ ಕೂತ್ರೆ ದೋಣಿ ಮೂತಿ ಎತ್ತುತ್ತೆ," ಎಂದಳು. "ನೀವು ಬರೆದಿರೋದು ಇಬ್ಬರು ಕೂತ ದೋಣಿ."

ನೋಡಿದರೆ ಹೌದು. ನನ್ನ ಕೈ ತಪ್ಪಿತ್ತೋ, ಕೈಗೇ ಮನಸ್ಸು ಬಂದಿರಲಿಲ್ಲವೋ, ದೋಣಿ ಸಮನಾಗಿ ಕೂತಿತ್ತು. ಮುಂಭಾಗದಲ್ಲಿ ಒಬ್ಬ ಮನುಷ್ಯನಷ್ಟು ಜಾಗ ಖಾಲಿ.

ಅವಳು ತನಗೂ ಒಂದು ತಗಡು ಬೇಕೆಂದಳು. ತಗಡು ಉಪಕಾರ ಹೇಳುವುದಕ್ಕಲ್ಲವೆ, ಹೋದವರಿಗೆ ಶಿಲುಬೆ ಮಾಡಿಸುವುದಲ್ಲವೆ ಎಂದು ಮೆಲ್ಲಗೆ ಹೇಳಿದೆ. ಆಗ ರೇಗಿದಳು ನೋಡು. ಉಪಕಾರ ಹೇಳಲು ತನಗೇನೂ ಸಿಕ್ಕಿಲ್ಲವೆ ಎಂದಳು. ಕೈ ಎತ್ತದ, ಹಾಡಿಕೊಂಡೇ ಮನೆಗೆ ಬರುವ ಗಂಡ ಸಿಕ್ಕಿದ್ದ. ಅವನು ಒಂಟಿಯಾಗಿ ಸಾಯಲಿಲ್ಲ, ಗೆಳೆಯನ ಕೈಯಲ್ಲಿದ್ದ. ಊರಿನ ದೋಣಿಗಳೆಲ್ಲ ಬಲೆ ಬಿಟ್ಟು ಹುಡುಕಿ ಅವನನ್ನು ಮನೆಗೆ ತಂದವು.

"ಅವನನ್ನ ಯಾಕೆ ಕರ್ಕೊಂಡೆ ಅಂತ ದೇವಮಾತೆನ ದಿನಾ ಕೇಳ್ತೀನಿ. ಅವಳು ಹೇಳಲ್ಲ. ಹಾಗಂತ ಕೊಟ್ಟಿದ್ದನ್ನ ಕೊಟ್ಟೇ ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ."

ಹಾಗಾದರೆ ದೇವಮಾತೆಯನ್ನು ಎಲ್ಲಿ ಬರೆಯಲಿ, ಎಂದಿನಂತೆ ಮೇಲಿನ ಮೂಲೆಯಲ್ಲೇ ಎಂದು ಕೇಳಿದೆ.

"ಮೋಡದ ಮೇಲೆ ಬೇಡ," ಎಂದಳು. "ಅವನು ಮುಳುಗೋವಾಗ ಅಲ್ಲಿ ಕೂತು ನೋಡ್ತಿದ್ಳು ಅಂದ್ರೆ ನಾನು ಅವಳ ಜೊತೆ ಮಾತು ಬಿಡಬೇಕಾಗುತ್ತೆ. ನೀರಿಗೆ ಇಳಿಸಿ, ಕೊಮಾದ್ರೆ. ಅವನ ಪಕ್ಕಕ್ಕೆ."

ಮಗಳೇ, ಒದ್ದೆಯಾದ ದೇವಮಾತೆಯನ್ನು ನಾನು ಯಾವತ್ತೂ ಬರೆದವಳಲ್ಲ. ಬಟ್ಟೆ ಹೇಗೆ ಅಂಟುತ್ತದೆ, ನೀಲಿ ಎಷ್ಟು ಕಪ್ಪಾಗುತ್ತದೆ ನೋಡೋಣವೆಂದು ನನ್ನ ಶಾಲನ್ನು ತೊಟ್ಟಿಯಲ್ಲಿ ಅದ್ದಿ, ಹೊದ್ದು, ಕನ್ನಡಿ ಮುಂದೆ ನಿಂತೆ. ಪಕ್ಕದ ಮನೆಯಾಕೆ ಬೇಲಿಯಿಂದ ಇಣುಕಿ, ಈ ವಯಸ್ಸಿನಲ್ಲಿ ಯಾರಿಗಾಗಿ ಈ ಸಿಂಗಾರ ಎಂದು ಕೇಳಿದಳು. ವಾರವಿಡೀ ಸೀನಿದೆ. ಆದರೆ ಚಿತ್ರ ಬಂತು. ಎದೆಮಟ್ಟದ ನೀರಿನಲ್ಲಿ ದೇವಮಾತೆ, ಹಣೆಗೆ ಅಂಟಿದ ಕೂದಲು, ಓರೆಯಾದ ಕಿರೀಟ, ಒಂದು ತೋಳು ಕ್ರಿಸ್ಪಿನ್‌ನ ಕತ್ತಿನ ಕೆಳಗೆ.

ಇಗರ್ಜಿಯನ್ನು ನೋಡಿಕೊಳ್ಳುವ ದೊನ್ ಇಲಾರಿಯೋ ಅದನ್ನು ಕಂಡು ಶಿಲುಬೆ ಗುರುತು ಹಾಕಿಕೊಂಡರು. "ದೇವಮಾತೆ ನೀರಲ್ಲಿ ನೆನೆಯೋದನ್ನ ನಾನೆಲ್ಲೂ ಕಂಡಿಲ್ಲ" ಎಂದರು.

"ನೀವು ಕಂಡಿರೋ ನೀರು ಬಾಗಿಲ ಹತ್ರ ಇರೋ ತೀರ್ಥದ ಬಟ್ಟಲದ್ದೊಂದೇ," ಎಂದಳು ಫಿದೆನ್ಸಿಯಾ. "ಒಂದಿನ ದೋಣಿ ಹತ್ತಿ ಬನ್ನಿ."

ನಾಬೋರ್ ತನ್ನ ತಗಡನ್ನು ತೂಗುಹಾಕಲು ಸುತ್ತಿಗೆ ಹಿಡಿದು ಅಲ್ಲಿಗೇ ಬಂದಿದ್ದ. ಅವಳ ತಗಡನ್ನು ತುಂಬ ಹೊತ್ತು ನೋಡಿದ. ಆಮೇಲೆ ತನ್ನದನ್ನು ನನ್ನ ಕೈಗೆ ಕೊಟ್ಟು, "ಅವನಿಗೆ ಜಾಗ ಇದೆ ಅಲ್ವಾ?" ಎಂದ. ಜಾಗ ಇತ್ತಲ್ಲ. ಮನೆಗೆ ತಂದು ಅಂದೇ ಬರೆದೆ. ದೋಣಿಯನ್ನು ಒಂದಿಷ್ಟೂ ತಿದ್ದಬೇಕಾಗಲಿಲ್ಲ.

ಯಾರ ಕಣ್ಣಿಗೂ ಬೀಳದಂತೆ ಸದಾ ತೆರೆದಿರುವ ದೊಡ್ಡ ಬಾಗಿಲ ಹಿಂದೆ ಎರಡನ್ನೂ ಹಾಕಿಕೊಳ್ಳಿ ಎಂದು ದೊನ್ ಇಲಾರಿಯೋ ಕೊನೆಗೆ ಒಪ್ಪಿದರು. ಈಗೇನಾಗಿದೆ ಗೊತ್ತೆ? ನೋಡಲು ಬಂದವರೆಲ್ಲ ಬಾಗಿಲು ಮುಚ್ಚುತ್ತಾರೆ. ಹಗಲಲ್ಲೇ ಇಗರ್ಜಿಯೊಳಗೆ ಕತ್ತಲೆ, ಮೇಣದ ಬತ್ತಿ ಉಳಿಯುತ್ತಿಲ್ಲ ಎಂದು ಅವರ ಗೊಣಗಾಟ.

ಒತೀಲಿಯಾ, ಯಾಕೆ ಎಂಬುದು ನನಗೂ ತಿಳಿಯದು. ಪಾದ್ರಿಗಳು ವಿವರಿಸುವಾಗ ತಲೆಯಾಡಿಸುತ್ತೇನೆ, ಮನೆ ಸೇರುವಷ್ಟರಲ್ಲಿ ಮರೆತಿರುತ್ತೇನೆ. ಆದರೆ ಪ್ರಾರ್ಥನೆಗೆ ಕೂತರೆ ಈಗ ಕತ್ತೆತ್ತಿ ಮೇಲೆ ನೋಡುವ ಅಭ್ಯಾಸ ತಪ್ಪಿದೆ, ಪಕ್ಕಕ್ಕೆ ನೋಡುತ್ತೇನೆ. ಕಣ್ಣು ಇನ್ನೂ ಕಾಣುತ್ತದೆ, ಕೈ ನಡುಗುವುದಿಲ್ಲ, ಸೀನಿದಾಗ ಜೋಳದ ಗಂಜಿ ಕಾಯಿಸಿ ತಂದು ಬೈಯುವ ನೆರೆಯಾಕೆ ಇದ್ದಾಳೆ, ದೇವಮಾತೆಯ ಮುಖ ನೋಡಿ ಅಂಥ ಪ್ರಶ್ನೆ ಕೇಳುವ ಮಗಳಿದ್ದಾಳೆ. ಇಷ್ಟೆಲ್ಲಕ್ಕೂ ಉಪಕಾರ ಹೇಳಿಯೇ ಮಲಗುತ್ತೇನೆ.

ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ. ಚಳಿ ಶುರುವಾಯಿತು, ಎದೆ ಮುಚ್ಚಿಕೊಂಡು ಓಡಾಡು.

ನಿನ್ನ ಅಮ್ಮ,
ಬ್ರಿಹಿದಾ

ತಾ.ಕ.: ಇನ್ನೊಂದು ತಗಡು ಇದೆ, ಅಂಗೈಯಗಲದ್ದು. ಯಾರಿಗೂ ತೋರಿಸಿಲ್ಲ. ಅದರಲ್ಲಿ ದೇವಮಾತೆ ಆಸ್ಪತ್ರೆಯಲ್ಲಿ ನಿನ್ನ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಾಳೆ. ಮಡಿಲಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ನಿನ್ನ ಮಗಳು. ಬೇಡವೆಂದರೆ ಬಣ್ಣ ಕೆರೆದುಬಿಡುತ್ತೇನೆ. ಆ ಜನವರಿಯಲ್ಲಿ ನನ್ನ ಬಸ್ಸು ಅಲ್ಲಿಗೆ ತಲುಪುವಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದರು, ನಾನು ಅವಳನ್ನು ನೋಡಲಿಲ್ಲ. ಅದಕ್ಕೆ ಬಟ್ಟೆಯ ಮೇಲ್ತುದಿಯಲ್ಲಿ ತಲೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಕೂದಲು ಯಾವ ಬಣ್ಣವಿತ್ತು ಅವಳದು? ಬರೆದು ತಿಳಿಸು, ಮಗಳೇ. ನೀನು ಹೇಳದೆ ನನಗೆ ತಿಳಿಯುವುದಿಲ್ಲ.