ನಡುವಿನ ಒಂದು ಚುಕ್ಕಿ

ತಳಕಲ್,
೧೨ ಜನವರಿ ೨೦೧೧

ಪ್ರೀತಿಯ ಅಪ್ಪಾ,

ಮೊಣಕಾಲು ನೋವು ಹೇಗಿದೆ? ಗಂಗಾವತಿ ಕಡೆ ಕೊಯ್ಲಾದ ಗದ್ದೆಯಲ್ಲಿ ಕುರಿ ಮಂದೆ ನಿಲ್ಲಿಸಿದ್ದೀಯೆಂದು ಅವ್ವ ಹೇಳಿದಳು. ಇಬ್ಬನಿ ಬೀಳುತ್ತದೆ, ಕಂಬಳಿ ಹೊದ್ದುಕೋ, ಶೂರತನ ಬೇಡ. ಫಕ್ರುದ್ದೀನ ಚಾಚಾ, ಅಪ್ಪ ನಿಮ್ಮ ಅಂಗಡಿಗೆ ಬೀಡಿಗೆ ಬಂದಾಗ ಇದನ್ನು ನಿಧಾನವಾಗಿ ಓದಿ ಹೇಳಿ. ಬೈದರೆ ನನ್ನ ಪರವಾಗಿ ನೀವೇ ಬೈಸಿಕೊಳ್ಳಿ.

ಅಪ್ಪಾ, ನಿನಗೊಂದು ಅನ್ಯಾಯ ಮಾಡಿದ್ದೇನೆ. ಎದುರಿಗೇ ಹೇಳಬೇಕೆಂದು ಪುಣೆಯ ಪ್ರಯೋಗಾಲಯದಿಂದ ಊರಿಗೆ ಓಡಿ ಬಂದರೆ, ನೀನು ಹಿಂಡು ಹೊಡೆದುಕೊಂಡು ಹೋಗಿ ನಾಲ್ಕು ದಿನವಾಗಿತ್ತು.

ದೀಪಾವಳಿಗೆ ಬಂದಾಗ ಚುಕ್ಕಿಗಳ ಚಿತ್ರ ತೋರಿಸಿದ್ದೆನಲ್ಲ, ಅದು ನನ್ನ ಲೇಸರಿನ ನಕ್ಷೆ. ಎರಡು ಕನ್ನಡಿಗಳ ನಡುವೆ ಕೂದಲಿಗಿಂತ ತೆಳುವಾದ ಸಾವಯವ ಬಣ್ಣದ ಪದರ. ಅದರಲ್ಲಿ ಸಾವಿರಾರು ಚುಕ್ಕಿ ಕೊರೆಯುತ್ತೇವೆ. ಚುಕ್ಕಿಗಳಿಗೊಂದು ಶಿಸ್ತಿದೆ, ಆದರೆ ಒಂದೇ ವಿನ್ಯಾಸ ಸಾಲಾಗಿ ಮತ್ತೆ ಮತ್ತೆ ಬರುವುದಿಲ್ಲ. ಕಾಲುವೆ ಅಂಚಿನಲ್ಲಿ ನಾಲ್ಕು ಕುರಿ ಹಾರಿದ ಕೂಡಲೇ ಹಿಂಡೆಲ್ಲ ಹಾರುತ್ತದಲ್ಲ, ಹಾಗೆ ಒಳಗಿನ ಬೆಳಕೆಲ್ಲ ಒಮ್ಮೆಲೇ ಹೊರಡಬೇಕು. ನಾವು ಹೊರಗಿನಿಂದ ಬಿಡುವ ಬೆಳಕು ಸ್ವಲ್ಪವೇ ಸಾಕಾಗಬೇಕು, ಅದೇ ನನ್ನ ಕೆಲಸ. ಎರಡು ವರ್ಷ ಆಗಲೇ ಇಲ್ಲ. ಬೆಳಕು ಹೆಚ್ಚಿಸಿದರೆ ಬಣ್ಣ ಸುಟ್ಟುಹೋಗುತ್ತಿತ್ತು.

ನೀನು ಆ ಚಿತ್ರವನ್ನು ಬೀಡಿ ಆರುವವರೆಗೂ ನೋಡಿ, "ನಡುವ ಒಂದು ತಪ್ಪಿಸ್ಕೊಂಡೈತಿ ನೋಡವಾ" ಅಂದಿದ್ದೆ. ಎಣಿಸಿದೆಯಾ ಎಂದು ನಾನು ನಕ್ಕರೆ, "ಕುರಿ ಯಾರರ ಎಣಸ್ತಾರೇನ? ಕಣ್ಣಿಗೆ ಗೊತ್ತಾಕ್ಕೈತಿ" ಎಂದು ನನ್ನನ್ನೇ ಗದರಿಸಿದೆ. ಹೋಗಿ ನೋಡಿದರೆ ನಟ್ಟನಡುವೆ ಒಂದು ಚುಕ್ಕಿ ನಿಜಕ್ಕೂ ಇಲ್ಲ, ನಕ್ಷೆಯಲ್ಲೇ ನಾನು ಬಿಟ್ಟಿದ್ದೆ! ತಿದ್ದಿ ಹೊಸದು ಮಾಡಿದೆವು. ಹೋದ ವಾರ, ಹಿಂದೆ ಬಿಡುತ್ತಿದ್ದ ಬೆಳಕಿನ ಹತ್ತರಲ್ಲೊಂದು ಪಾಲಿಗೇ ಕೆಂಪಗೆ ಹೊತ್ತಿಕೊಂಡಿತು ಅಪ್ಪಾ. ಖುಷಿಗೆ ಅತ್ತೇಬಿಟ್ಟೆ.

ತಪ್ಪು ಹಿಡಿದವರು ಯಾರು ಎಂದು ನನ್ನ ಸಂಶೋಧನೆಯ ಗೈಡ್ ಸರ್ ಕೇಳಿದರು. ನಾನೇ ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕುರಿ ಕಾಯುವ ಅಪ್ಪ ಅನ್ನಲು ನಾಚಿಕೆಯಾಯಿತು. ಥೂ, ನನ್ನ ಬಾಯಿಗಿಷ್ಟು ಮಣ್ಣು ಬೀಳಲಿ. ಅವ್ವನಿಗೆ ಹೇಳಿದರೆ, "ನಿಮ್ಮಪ್ಪ ಏನೂ ಅನ್ನಂಗಿಲ್ಲ. ಅದಕ್ಕ ನಿಮ್ಮ ಸರ್‌ಗೆ ನೀನ ಹೇಳಬೇಕು" ಅಂದಳು. ಆದರೆ ಈಗ ನಿಜ ಒಪ್ಪಿಕೊಂಡರೆ ಸರ್ ಇನ್ನು ನನ್ನ ಯಾವ ಮಾತನ್ನು ನಂಬುತ್ತಾರೆ ಎಂಬ ಭಯ.

ಹುಲಿಗೆಮ್ಮ ನಿನ್ನನ್ನೂ ಮರಿಗಳನ್ನೂ ಕಾಯಲಿ.

ನಿನ್ನ ಕಾಲಿಗೆ ಬೀಳುವ,
ರೂಪಾ

ತಾ.ಕ.: ಪತ್ರ ಮಡಚಿದವಳು ತಡೆಯಲಾರದೆ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿಬಿಟ್ಟೆ. ಅವರು, ಈ ಲೇಸರಿನ ಬಗ್ಗೆ ಬರೆಯುವ ಲೇಖನದಲ್ಲಿ ನಿಮ್ಮಪ್ಪನ ಹೆಸರೂ ಹಾಕಲೇಬೇಕು, ಯಾವ ಸಂಸ್ಥೆಯವರೆಂದು ಬರೆಯಲಿ ಎಂದು ಕೇಳಿದರು. "ವಿರುಪಣ್ಣ, ಕುರಿಗಾರರು, ತಳಕಲ್" ಎಂದು ಬರೆಸಿದ್ದೇನೆ. ಬೇಡ ಅನ್ನಬೇಡ ಅಪ್ಪಾ.